ಮೊದಲು ವರ್ಕ್‌ಶಾಪ್, ಆಮೇಲೆ ಶೋರೂಮ್

ತುಮಕೂರಿನಲ್ಲಿ ಕಾರು ಕೊಳ್ಳುತ್ತೇನೆಂದರೆ ಸಾಕು, ಸಿಕ್ಕವರೆಲ್ಲ ಬೆಂಗಳೂರಿನ ದಾರಿ ತೋರಿಸುತ್ತಾರೆ. 'ಅಲ್ಲಿ ಡಿಸ್ಕೌಂಟ್ ಜಾಸ್ತಿ ಸಾರ್, 70 ಕಿಲೋಮೀಟರ್ ಯಾವ ಲೆಕ್ಕ?' ನಾನೂ ಬೆಂಗಳೂರಿನಿಂದ ಕೊಟೇಷನ್ ತರಿಸಿದೆ. ಊರಿನ ಡೀಲರ್ ಕೊಟ್ಟ ಹಾಳೆಯ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿದೆ.

ಎಕ್ಸ್ ಶೋರೂಮ್ ಬೆಲೆ ಎರಡರಲ್ಲೂ ಅದೇ. ರಸ್ತೆ ತೆರಿಗೆಯೂ ಅದೇ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ 14, ಸೆಸ್ ಬೇರೆ. ಎಂಟು ಲಕ್ಷದ ಕಾರಾದರೆ ಸೆಸ್ ಬಿಟ್ಟೇ 1.12 ಲಕ್ಷ ರೂಪಾಯಿ. ಅದನ್ನು ಯಾವ ಡೀಲರೂ ಇಳಿಸಲಾರ. ಆಟ ಶುರುವಾಗುವುದು ಅದರ ಕೆಳಗೆ: ವಿಮೆ, ಆಕ್ಸೆಸರೀಸ್, ಹ್ಯಾಂಡ್ಲಿಂಗ್ ಚಾರ್ಜ್.

ಹೆಚ್ಚು ಡಿಸ್ಕೌಂಟ್ ಕೊಟ್ಟವರ ಹಾಳೆಯಲ್ಲೇ ವಿಮೆ ದುಬಾರಿಯಾಗಿತ್ತು. 'ವಿಮೆ ನಮ್ಮಲ್ಲೇ ಮಾಡಿಸಿದರೆ ಮಾತ್ರ ಈ ರೇಟು' ಎಂದರು. ವಿಮಾ ಕಂಪನಿ ಆರಿಸುವ ಹಕ್ಕು ಕೊಳ್ಳುವವನದು; ಡೀಲರ್ ಬಲವಂತ ಮಾಡುವಂತಿಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ದರ ಸರ್ಕಾರ ಗೊತ್ತುಮಾಡಿದ್ದು, ಎಲ್ಲಿ ಮಾಡಿಸಿದರೂ ಒಂದೇ. ವ್ಯತ್ಯಾಸವಿರುವುದು ನಮ್ಮ ಕಾರಿನ ಡ್ಯಾಮೇಜಿಗೆ ಕಟ್ಟುವ ಭಾಗದಲ್ಲಿ. ಐಡಿವಿ (ಕಾರಿಗೆ ವಿಮೆಯವರು ಕಟ್ಟುವ ಬೆಲೆ), ಝೀರೋ ಡೆಪ್ (ಸವಕಳಿ ಕಳೆಯದೆ ಪರಿಹಾರ ಕೊಡುವ ರಕ್ಷಣೆ) ಎರಡನ್ನೂ ಸಮ ಇಟ್ಟು ಹೊರಗಡೆ ವಿಚಾರಿಸಿದರೆ ನಿಜವಾದ ದರ ಗೊತ್ತಾಗುತ್ತದೆ. ಹಳೇ ಕಾರಿನ ನೋ ಕ್ಲೇಮ್ ಬೋನಸ್ ಮಾಲೀಕನಿಗೆ ಸೇರಿದ್ದು, ಹೊಸ ಕಾರಿಗೆ ತರಬಹುದು. ಐದು ವರ್ಷ ಕ್ಲೇಮ್ ಮಾಡದವರಿಗೆ ಅದು ಶೇ 50. ನಾನು ಬಾಯಿಬಿಟ್ಟು ಕೇಳುವವರೆಗೆ ಎರಡೂ ಕಡೆ ಯಾರೂ ಅದರ ಸುದ್ದಿ ಎತ್ತಲಿಲ್ಲ. ಕೇಳಿದ ಮೇಲೆ ಊರಿನವರು ಹೊರಗಿನ ದರಕ್ಕೇ ವಿಮೆ ಇಳಿಸಿದರು, ಹ್ಯಾಂಡ್ಲಿಂಗ್ ಚಾರ್ಜ್ ಹೊಡೆದುಹಾಕಿದರು. ಬೆಂಗಳೂರಿನ ಲಾಭ ಅಲ್ಲಿಗೆ ಕರಗಿತು.

ಆದರೂ ನಾನು ಅಡ್ವಾನ್ಸ್ ಕೊಡಲಿಲ್ಲ. ಶೋರೂಮಿನ ಏಸಿಯಲ್ಲಿ ಕಾಫಿ ಕೊಟ್ಟು ಕೂರಿಸುವವರನ್ನು ನೋಡಿ ಡೀಲರನ್ನು ಅಳೆಯಬಾರದು ಎಂಬುದು ನನ್ನ ಹಟ. ಕೊಳ್ಳುವುದು ಒಂದು ದಿನದ ವ್ಯವಹಾರ, ಸರ್ವಿಸ್ ಹತ್ತು ವರ್ಷದ್ದು. ಬೆಳಿಗ್ಗೆ ಕಾರು ಬಿಡುವ ಹೊತ್ತಿಗೆ ವರ್ಕ್‌ಶಾಪ್ ಗೇಟಿನ ಹತ್ತಿರ ಹೋಗಿ ನಿಂತೆ. ಅಲ್ಲಿ ಯಾರೂ ಸೇಲ್ಸ್ ಮಾತಾಡುವುದಿಲ್ಲ. ಟ್ಯಾಕ್ಸಿ ಓಡಿಸುವ ಹಿರಿಯರೊಬ್ಬರನ್ನು ಕೇಳಿದೆ: 'ಹೇಗಿದೆ ಅಣ್ಣಾ, ಕೆಲಸ?'

'ಕೆಲಸಕ್ಕೇನೂ ಮೋಸ ಇಲ್ಲ ಸಾರ್. ಆದ್ರೆ ಫೋನ್ ಮಾಡಿ ಕೇಳಿದ್ದಕ್ಕೆಲ್ಲ ಹೂಂ ಅನ್ಬೇಡಿ.'

ಡಿಸ್ಕೌಂಟಿಗಿಂತ ಬೆಲೆಬಾಳುವ ಮಾತದು. ಫ್ರೀ ಸರ್ವಿಸ್ ಎಂದರೆ ಕೂಲಿ ಮಾತ್ರ ಫ್ರೀ. ಆಯಿಲ್, ಫಿಲ್ಟರ್‌ಗೆ ದುಡ್ಡು ಕೊಡಲೇಬೇಕು. ಅದರ ಜೊತೆಗೆ ಮಧ್ಯಾಹ್ನದ ಹೊತ್ತಿಗೆ ಫೋನ್ ಬರುತ್ತದೆ: ಇಂಜಿನ್ ಫ್ಲಶ್ ಮಾಡಿಸಿಬಿಡಿ, ಏಸಿ ಕ್ಲೀನ್ ಮಾಡಿಸಿಬಿಡಿ. ಕಾರಿನ ಮ್ಯಾನ್ಯುಯಲ್‌ನಲ್ಲಿ ಎಷ್ಟು ಕಿಲೋಮೀಟರಿಗೆ ಏನು ಬದಲಿಸಬೇಕೆಂಬ ಪಟ್ಟಿ ಇದೆ. ಪಟ್ಟಿಯಲ್ಲಿಲ್ಲದ್ದಕ್ಕೆ ನಾನು ಕಾರಣ ಕೇಳುತ್ತೇನೆ. ಅರ್ಧ ಬೇಡಿಕೆ ಅಲ್ಲೇ ಬಿದ್ದುಹೋಗುತ್ತದೆ.

ವಾರಂಟಿ ಆ ಕಂಪನಿಯ ಯಾವುದೇ ಅಧಿಕೃತ ವರ್ಕ್‌ಶಾಪಿನಲ್ಲಿ ನಡೆಯುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ ಕೊಂಡು ಇಲ್ಲಿ ಸರ್ವಿಸ್ ಮಾಡಿಸಲು ಅಡ್ಡಿಯಿರಲಿಲ್ಲ. ನಾನು ಊರಿನಲ್ಲೇ ಕೊಂಡೆ. ಜಾಬ್ ಕಾರ್ಡಿನಲ್ಲಿ ಅಂದಾಜು ಮೊತ್ತ ಬರೆಸಿ, 'ಕೇಳದೆ ಬೇರೆ ಕೆಲಸ ಬೇಡ, ಬಿಚ್ಚಿದ ಹಳೇ ಪಾರ್ಟ್ಸ್ ಡಿಕ್ಕಿಯಲ್ಲಿಡಿ' ಎಂದು ಸೇರಿಸಿಯೇ ಸಹಿ ಹಾಕುತ್ತೇನೆ. ಸರ್ವಿಸ್ ಅಡ್ವೈಸರ್ ಹುಡುಗನಿಗೆ ಈಗ ಅಭ್ಯಾಸವಾಗಿದೆ, ನಾನು ಹೇಳುವ ಮೊದಲೇ ಬರೆದುಕೊಳ್ಳುತ್ತಾನೆ.