ಯುವಕರನ್ನು ಕರೆದೊಯ್ಯುವ ಅಮೀರನಿಗೆ

ಮೂವರು ಪ್ರಯಾಣ ಹೊರಟರೆ ತಮ್ಮಲ್ಲೊಬ್ಬನನ್ನು ಅಮೀರನನ್ನಾಗಿ ಮಾಡಿಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅಬೂದಾವೂದ್ ಗ್ರಂಥದಲ್ಲಿರುವ ಈ ಉಪದೇಶ ನಮ್ಮೆಲ್ಲರಿಗೂ ಗೊತ್ತಿರುವಂಥದೇ. ರೋಣ, ನರಗುಂದ, ಗಜೇಂದ್ರಗಡಗಳ ಮಸೀದಿಗಳಿಂದ ಜಮಾಅತ್ ಹೊರಡುವಾಗ ಹಾಸಿಗೆ, ಪಾತ್ರೆಗಳನ್ನು ಕಟ್ಟುವ ಮೊದಲೇ ಅಮೀರ್ ಯಾರೆಂಬುದು ಮಶ್ವರಾದಲ್ಲಿ ನಿಶ್ಚಯವಾಗಿರುತ್ತದೆ. ಮೂರು ದಿನಕ್ಕೆ ಪಕ್ಕದ ಹಳ್ಳಿ, ನಲವತ್ತು ದಿನಕ್ಕೆ ಬೇರೆ ರಾಜ್ಯ, ಒಮ್ಮೊಮ್ಮೆ ಪರದೇಶ. ಹೋಗುವವರಲ್ಲಿ ಇನ್ನೂ ಮೀಸೆ ಬಲಿಯದ ಹುಡುಗರೂ ಇರುತ್ತಾರೆ.

ಅಮೀರನ ಮಾತನ್ನು ಕೇಳಬೇಕು ಎಂದು ಹುಡುಗರಿಗೆ ನಾವು ಚೆನ್ನಾಗಿ ಕಲಿಸುತ್ತೇವೆ. ಆದರೆ ಆ ಹುಡುಗರಿಗೆ ಅಮೀರನ ಮೇಲೆ ಇರುವ ಹಕ್ಕುಗಳೇನು? ಅದನ್ನು ಯಾರು ಕಲಿಸುತ್ತಾರೆ? ಪ್ರಿಯ ಓದುಗರೇ, ಈ ಪಾಠ ಅದರ ಬಗ್ಗೆ. ನಾನು ಇದನ್ನು ಕಿತಾಬಿನಲ್ಲಿ ಓದಿದ್ದೆ, ಮಕ್ಕಳಿಗೆ ಕಲಿಸಿಯೂ ಇದ್ದೆ. ಆದರೆ ಅರ್ಥವಾದದ್ದು ತಪ್ಪು ಮಾಡಿದ ಮೇಲೆ.

ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಆರು ಮಂದಿ ಯುವಕರೊಂದಿಗೆ ನಾನು ನೆರೆಯ ದೇಶವೊಂದಕ್ಕೆ ನಲವತ್ತು ದಿನಗಳಿಗೆ ಹೋಗಿದ್ದೆ. ನಾನೇ ಅಮೀರ್. ಭಾಷೆ ಬಾರದು, ಊಟ ಒಗ್ಗದು, ಹವೆ ಬೇರೆ. ಜೋಳದ ರೊಟ್ಟಿ ತಿಂದು ಬೆಳೆದ ನಮಗೆ ಮೂರು ಹೊತ್ತೂ ಅನ್ನ. ನನಗೇ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆದರೆ ಅಮೀರನಾದವನು ಅದನ್ನು ತೋರಿಸಬಾರದು ಎಂದುಕೊಂಡಿದ್ದೆ.

ಗುಂಪಿನಲ್ಲಿ ಗಜೇಂದ್ರಗಡದ ನೇಕಾರರ ಮನೆಯ ಹುಡುಗನೊಬ್ಬನಿದ್ದ. ಹದಿನೆಂಟು ತುಂಬಿತ್ತು. ಎರಡನೆಯ ವಾರದಿಂದ ಅವನು ತಾಲೀಮಿಗೆ ತಡವಾಗಿ ಬರತೊಡಗಿದ. ಊಟವನ್ನು ಅರ್ಧಕ್ಕೇ ಬಿಡುತ್ತಿದ್ದ. ಗಶ್ತಿಗೆ ಹೊರಟರೆ ಎಲ್ಲರಿಗಿಂತ ಹಿಂದೆ. ಒಂದು ದಿನ ಫಜ್ರ್ ನಮಾಝಿನ ಬಳಿಕ ಎಲ್ಲರ ಎದುರಿಗೇ ಅವನನ್ನು ಗದರಿಸಿದೆ. ಮನೆಯಲ್ಲಿ ಮಲಗಿರಬೇಕಾಗಿತ್ತು, ಇಲ್ಲಿಗೇಕೆ ಬಂದೆ ಎಂದೆ. ಅವನು ತಲೆ ತಗ್ಗಿಸಿ ಸುಮ್ಮನಿದ್ದ.

ಅಂದು ರಾತ್ರಿ ವುಝೂ ಮಾಡುವಲ್ಲಿ ಅವನು ಒಬ್ಬನೇ ಕುಳಿತು ಅಳುತ್ತಿದ್ದುದನ್ನು ಕಂಡೆ. ಪಕ್ಕದಲ್ಲಿ ಕುಳಿತು ಕೇಳಿದೆ. "ಹಜ್ರತ್, ಅಮ್ಮಿಗೆ ಆರಾಮಿಲ್ಲ. ಅಬ್ಬಾ ಫೋನಿನಾಗ ಏನೂ ಹೇಳವಲ್ರು. ಮಗ್ಗದ ಸಪ್ಪಳಾನೂ ಕೇಳಿಸಲಿಲ್ಲ" ಎಂದ. ದಿನವೂ ಮಗ್ಗದ ಸಪ್ಪಳದಲ್ಲೇ ಬೆಳೆದ ಹುಡುಗ ಅವನು. ಫೋನಿನಲ್ಲಿ ಅದು ಕೇಳಿಸದಿದ್ದಾಗಲೇ ಮನೆಯಲ್ಲಿ ಏನೋ ಆಗಿದೆಯೆಂದು ಅವನಿಗೆ ತಿಳಿದುಹೋಗಿತ್ತು. ಹತ್ತು ದಿನಗಳಿಂದ ಅವನು ಅದನ್ನು ಒಬ್ಬನೇ ಹೊತ್ತುಕೊಂಡಿದ್ದ. ನನಗೆ ಹೇಳಲು ಅವನಿಗೆ ಧೈರ್ಯವಾಗದಂತೆ ಮಾಡಿದ್ದವನು ನಾನೇ.

ಇಪ್ಪತ್ತು ರಾತ್ರಿಗಳು

ಆ ರಾತ್ರಿ ನನಗೆ ನೆನಪಾದದ್ದು ಮಾಲಿಕ್ ಬಿನ್ ಹುವೈರಿಸ್(ರ) ಅವರ ಹದೀಸ್. ಇದು ಸಹೀಹ್ ಬುಖಾರಿಯಲ್ಲಿದೆ. ಅವರು ಮತ್ತು ಅವರ ಸಂಗಾತಿಗಳು ಹೆಚ್ಚುಕಡಿಮೆ ಒಂದೇ ಪ್ರಾಯದ ಯುವಕರು. ದೀನ್ ಕಲಿಯಲು ಮದೀನಕ್ಕೆ ಬಂದು ಪ್ರವಾದಿವರ್ಯರ(ಸ) ಬಳಿ ಇಪ್ಪತ್ತು ರಾತ್ರಿ ತಂಗಿದರು. ಪ್ರವಾದಿ(ಸ) ಬಹಳ ಕರುಣೆಯುಳ್ಳವರೂ ಮೃದು ಹೃದಯದವರೂ ಆಗಿದ್ದರೆಂದು ಮಾಲಿಕ್(ರ) ಸ್ಮರಿಸುತ್ತಾರೆ. ಈ ಹುಡುಗರಿಗೆ ಮನೆಯ ನೆನಪು ಕಾಡುತ್ತಿದೆಯೆಂದು ಪ್ರವಾದಿವರ್ಯರಿಗೆ(ಸ) ಅನಿಸಿದಾಗ, ಊರಿನಲ್ಲಿ ಯಾರನ್ನು ಬಿಟ್ಟು ಬಂದಿದ್ದೀರಿ ಎಂದು ಅವರೇ ವಿಚಾರಿಸಿದರು. ಬಳಿಕ ಮನೆಗೆ ಮರಳಿ ಅಲ್ಲಿಯವರಿಗೆ ಕಲಿಸಿರೆಂದೂ, ತಾವು ನಮಾಝ್ ಮಾಡುವುದನ್ನು ಕಂಡಂತೆಯೇ ನಮಾಝ್ ಮಾಡಿರೆಂದೂ ಹೇಳಿ ಕಳುಹಿಸಿದರು.

ಇಲ್ಲಿ ಗಮನಿಸಬೇಕಾದ ವಿಷಯಗಳು ಮೂರು. ಮೊದಲನೆಯದಾಗಿ, ಹುಡುಗರು ಬಾಯಿ ಬಿಟ್ಟು ಹೇಳಲಿಲ್ಲ. ಪ್ರವಾದಿ(ಸ) ಮುಖ ನೋಡಿಯೇ ಅರಿತರು. ಎರಡನೆಯದಾಗಿ, ಮನೆಯ ನೆನಪನ್ನು ಈಮಾನಿನ ಕೊರತೆಯೆಂದು ಅವರು ಎಣಿಸಲಿಲ್ಲ. ಮೂರನೆಯದಾಗಿ, ಮದೀನದಂತಹ ಊರಿನಿಂದ, ಪ್ರವಾದಿವರ್ಯರ(ಸ) ಸಾನ್ನಿಧ್ಯದಿಂದಲೇ ಅವರನ್ನು ಮನೆಗೆ ಕಳುಹಿಸಲಾಯಿತು. ಮನೆಯೇ ಅವರ ದಅ್‌ವತ್ತಿನ ಕ್ಷೇತ್ರವಾಯಿತು.

ಮರುದಿನ ಮಶ್ವರಾ ಮಾಡಿ ಆ ಹುಡುಗನನ್ನು ಇನ್ನೊಬ್ಬನ ಜೊತೆಯಲ್ಲಿ ಊರಿಗೆ ಕಳುಹಿಸಿದೆವು. ಅವನ ತಾಯಿ ಆಸ್ಪತ್ರೆಯಲ್ಲಿದ್ದರು. ಅಲ್ಲಾಹನ ದಯೆಯಿಂದ ಮುಂದೆ ಗುಣವಾದರು. ನಾವು ಮರಳಿದಾಗ ಊರಿನಲ್ಲಿ ಕೆಲವರು, "ಹುಡುಗ ನಲವತ್ತು ದಿನ ಪೂರ್ತಿ ಮಾಡಲಿಲ್ಲವಲ್ಲ" ಎಂದರು. ಇಪ್ಪತ್ತು ರಾತ್ರಿಗಳ ಹದೀಸನ್ನೇ ನಾನು ಅವರಿಗೆ ಉತ್ತರವಾಗಿ ಓದಿ ಹೇಳಿದೆ.

ಹೊಣೆಗೆ ಮುನ್ನ ತಿದ್ದುವಿಕೆ

ಮುಆದ್ ಬಿನ್ ಜಬಲ್(ರ) ಯಮನ್ ದೇಶಕ್ಕೆ ಕಳುಹಿಸಲ್ಪಟ್ಟಾಗ ಇನ್ನೂ ಇಪ್ಪತ್ತರ ಹರೆಯದವರು. ಅದಕ್ಕೆ ಮುನ್ನ ಮದೀನದಲ್ಲೇ ಅವರಿಗೆ ಒಂದು ಪಾಠವಾಗಿತ್ತು. ತಮ್ಮ ಮೊಹಲ್ಲಾದವರಿಗೆ ಇಶಾ ನಮಾಝಿನ ಇಮಾಮತ್ ಮಾಡುವಾಗ ಅವರು ದೀರ್ಘವಾದ ಅಲ್ ಬಕರ ಅಧ್ಯಾಯವನ್ನು ಓದತೊಡಗಿದರು. ದಿನವಿಡೀ ಒಂಟೆಗಳಿಂದ ನೀರೆತ್ತಿ ದಣಿದು ಬಂದಿದ್ದ ಒಬ್ಬರು ಜಮಾಅತಿನಿಂದ ಬೇರೆಯಾಗಿ ತಮ್ಮಷ್ಟಕ್ಕೆ ನಮಾಝ್ ಮುಗಿಸಿ ಹೋದರು. ಮುಆದ್(ರ) ಅವರನ್ನು ಕಪಟಿಯೆಂದರು. ದೂರು ಪ್ರವಾದಿವರ್ಯರನ್ನು(ಸ) ತಲುಪಿತು. ಜನರನ್ನು ಪರೀಕ್ಷೆಗೆ ದೂಡುತ್ತೀಯಾ ಎಂದು ಅವರು ಮುಆದರನ್ನು ಮೂರು ಸಲ ಕೇಳಿದರು. ಹಿಂದೆ ನಿಂತವರಲ್ಲಿ ವೃದ್ಧರು, ದುರ್ಬಲರು, ಅಗತ್ಯವುಳ್ಳವರು ಇರುತ್ತಾರೆಂದು ತಿಳಿಸಿ ಚಿಕ್ಕ ಸೂರಾಗಳನ್ನು ಓದುವಂತೆ ಹೇಳಿದರು.

ಇದೇ ಮುಆದ್(ರ) ಅವರನ್ನು ಮುಂದೆ ಅಬೂ ಮೂಸಾ ಅಲ್ ಅಶ್‌ಅರಿ(ರ) ಅವರೊಂದಿಗೆ ಯಮನಿಗೆ ಕಳುಹಿಸಿದಾಗ ಕೊಟ್ಟ ಉಪದೇಶವೂ ಅದೇ ದಾರಿಯದು. ಸುಲಭ ಮಾಡಬೇಕು, ಕಷ್ಟ ಮಾಡಬಾರದು, ಶುಭವಾರ್ತೆ ಕೊಡಬೇಕು, ಜನರನ್ನು ದೂರ ಓಡಿಸಬಾರದು, ಇಬ್ಬರೂ ಪರಸ್ಪರ ಹೊಂದಿಕೊಂಡಿರಬೇಕು. ಇಬ್ಬರಿಗೂ ಬೇರೆ ಬೇರೆ ಪ್ರದೇಶಗಳ ಹೊಣೆಯಿತ್ತು. ಹತ್ತಿರ ಬಂದಾಗ ಒಬ್ಬರನ್ನೊಬ್ಬರು ಭೇಟಿಯಾಗುತ್ತಿದ್ದರು. ನೀವು ರಾತ್ರಿ ಕುರ್‌ಆನ್ ಹೇಗೆ ಓದುತ್ತೀರಿ ಎಂದು ವಿಚಾರಿಸಿಕೊಳ್ಳುತ್ತಿದ್ದರು. ರಾತ್ರಿಯ ಮೊದಲ ಭಾಗದಲ್ಲಿ ಮಲಗಿ ಬಳಿಕ ಏಳುತ್ತೇನೆ, ಎದ್ದು ನಿಲ್ಲುವುದಕ್ಕೆ ಪ್ರತಿಫಲ ಬಯಸುವಂತೆ ನಿದ್ದೆಗೂ ಬಯಸುತ್ತೇನೆ ಎಂಬುದು ಮುಆದರ(ರ) ಉತ್ತರದ ಸಾರ.

ಅಮೀರರೇ, ಇದನ್ನು ಮರೆಯಬೇಡಿ. ಪರನಾಡಿನಲ್ಲಿ ನೀವೂ ಪರದೇಶಿಯೇ. ನಿಮಗೂ ನಿದ್ದೆ ಬೇಕು, ಮನಸ್ಸು ಬಿಚ್ಚಿ ಮಾತನಾಡಲು ಒಬ್ಬ ಸಮಾನರು ಬೇಕು. ತನ್ನ ದಣಿವನ್ನು ಬಚ್ಚಿಡುವ ಅಮೀರ್ ಅದನ್ನು ಕೊನೆಗೆ ಹುಡುಗರ ಮೇಲೆ ಸಿಟ್ಟಾಗಿ ತೀರಿಸಿಕೊಳ್ಳುತ್ತಾನೆ. ನನ್ನಿಂದ ಆದದ್ದೂ ಅದೇ.

ಸಿಟ್ಟಿನ ಆಜ್ಞೆ

ಸಿಟ್ಟಿನ ವಿಷಯದಲ್ಲಿ ಇನ್ನೊಂದು ಘಟನೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಪ್ರವಾದಿ(ಸ) ಒಂದು ತುಕಡಿಯನ್ನು ಅನ್ಸಾರಿಯೊಬ್ಬರ ನೇತೃತ್ವದಲ್ಲಿ ಕಳುಹಿಸಿದ್ದರು. ಅವರಿಗೆ ಸಂಗಾತಿಗಳ ಮೇಲೆ ಸಿಟ್ಟು ಬಂತು. ಕಟ್ಟಿಗೆ ತಂದು ಬೆಂಕಿ ಹೊತ್ತಿಸಿ ಅದರೊಳಗೆ ಪ್ರವೇಶಿಸಿರೆಂದು ಆಜ್ಞಾಪಿಸಿದರು. ಬೆಂಕಿಯಿಂದ ಪಾರಾಗಲೆಂದೇ ಪ್ರವಾದಿವರ್ಯರನ್ನು(ಸ) ಅನುಸರಿಸಿದವರು ನಾವು, ಬೆಂಕಿಗೇ ಹೋಗುವುದೇ ಎಂದು ಸಂಗಾತಿಗಳು ತಡೆದು ನಿಂತರು. ಅಷ್ಟರಲ್ಲಿ ಬೆಂಕಿಯೂ ಆರಿತು, ಸಿಟ್ಟೂ ಇಳಿಯಿತು. ಅವರು ಅದರೊಳಗೆ ಹೋಗಿದ್ದರೆ ಎಂದೂ ಹೊರಬರುತ್ತಿರಲಿಲ್ಲ, ಅನುಸರಣೆ ಒಳಿತಿನಲ್ಲಿ ಮಾತ್ರ ಎಂದು ಪ್ರವಾದಿ(ಸ) ತೀರ್ಪಿತ್ತರು.

ಇಂದು ಯಾವ ಅಮೀರನೂ ಬೆಂಕಿಗೆ ಹೋಗೆನ್ನುವುದಿಲ್ಲ. ಆದರೆ ಜ್ವರ ಬಂದವನನ್ನು ಗಶ್ತಿಗೆ ಎಬ್ಬಿಸುವುದು, ತಂದೆ ತಾಯಿಗೆ ಫೋನ್ ಮಾಡಲು ಬಿಡದಿರುವುದು, ಎಲ್ಲರೆದುರು ನಾಚಿಸುವುದು? ಇವು ಸಣ್ಣ ಬೆಂಕಿಗಳು. ಪ್ರವಾದಿವರ್ಯರು(ಸ) ಕಠೋರ ಹೃದಯದವರಾಗಿದ್ದರೆ ಜನರು ಅವರ ಸುತ್ತಲಿಂದ ಚದುರಿಹೋಗುತ್ತಿದ್ದರೆಂದು ಪವಿತ್ರ ಕುರ್‌ಆನ್ (3:159) ತಿಳಿಸುತ್ತದೆ. ಅವರನ್ನು ಕ್ಷಮಿಸಬೇಕು, ಅವರೊಡನೆ ಸಮಾಲೋಚಿಸಬೇಕು ಎಂಬ ಆದೇಶವೂ ಅದೇ ಸೂಕ್ತದಲ್ಲಿದೆ.

ಆ ನಾಡಿನ ಮಾತು, ಆ ನಾಡಿನ ಕಾನೂನು

ಪ್ರತಿಯೊಬ್ಬ ಪ್ರವಾದಿಯನ್ನೂ ಅವರ ಜನತೆಯ ಭಾಷೆಯಲ್ಲೇ ಕಳುಹಿಸಲಾಯಿತೆಂದು ಕುರ್‌ಆನ್ (14:4) ಹೇಳುತ್ತದೆ. ಝೈದ್ ಬಿನ್ ಸಾಬಿತ್(ರ) ಹುಡುಗರಾಗಿದ್ದಾಗಲೇ ಪ್ರವಾದಿವರ್ಯರ(ಸ) ಅಪ್ಪಣೆಯಂತೆ ಯಹೂದಿಯರ ಲಿಪಿಯನ್ನು ಅರ್ಧ ತಿಂಗಳಲ್ಲಿ ಕಲಿತರು. ಹಾಗಾದರೆ ಪರನಾಡಿಗೆ ಹೋಗುವವನು ಸಲಾಮಿನ ಜೊತೆಗೆ ಅಲ್ಲಿನ ಹತ್ತು ಮಾತುಗಳನ್ನಾದರೂ ಕಲಿಯಬೇಡವೇ? ಈ ಅಭ್ಯಾಸ ನಮ್ಮ ಊರಿನಲ್ಲೇ ಆರಂಭವಾಗಲಿ. ನಮ್ಮ ಭಾಗದ ಎಷ್ಟೋ ನದಾಫ್ ಮನೆಗಳಲ್ಲಿ ಮನೆಮಾತು ಕನ್ನಡ. ಅಲ್ಲಿಗೆ ಹೋಗಿ ಉರ್ದುವಿನಲ್ಲೇ ಬಯಾನ್ ಮಾಡಿ, ಅವರಿಗೆ ದೀನ್ ತಿಳಿಯದೆಂದು ದೂರುವ ಯುವಕ ಹತ್ತು ಮೈಲಿಯಾಚೆಯೇ ಪರದೇಶಿಯಾಗಿದ್ದಾನೆ.

ಕಾನೂನಿನ ಮಾತೂ ಮುಖ್ಯ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಜಮಾಅತಿಗೆಂದು ಬಂದಿದ್ದ ಹಲವು ದೇಶಗಳವರು ನಮ್ಮ ದೇಶದಲ್ಲಿ ಸಿಲುಕಿದರು. ವೀಸಾ ನಿಯಮ ಮತ್ತು ಸಾಂಕ್ರಾಮಿಕದ ನಿಯಮಗಳನ್ನು ಮೀರಿದರೆಂಬ ಆರೋಪದ ಮೇಲೆ ಅವರ ವಿರುದ್ಧ ಮೊಕದ್ದಮೆಗಳಾದವು. ಅದೇ ವರ್ಷದ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು 29 ವಿದೇಶೀಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದುಪಡಿಸಿತು. ನ್ಯಾಯ ಸಿಕ್ಕಿತು, ನಿಜ. ಆದರೆ ಆ ತಿಂಗಳುಗಳಲ್ಲಿ ಅವರ ತಾಯಂದಿರ ಪಾಡೇನಾಗಿದ್ದೀತು? ನಮ್ಮ ಮಕ್ಕಳನ್ನು ಕರೆದೊಯ್ಯುವವರು ವೀಸಾ ಯಾವ ಬಗೆಯದು, ಅದರಲ್ಲಿ ಯಾವುದಕ್ಕೆ ಅನುಮತಿಯಿದೆ ಎಂಬುದನ್ನು ಹೊರಡುವ ಮೊದಲೇ ತಿಳಿದಿರಬೇಕು. ಒಂದು ದೇಶದ ವೀಸಾ ಪಡೆದು ಒಳಹೋಗುವುದು ಕರಾರು ಮಾಡಿಕೊಂಡಂತೆ. ಕರಾರು ಪಾಲಿಸುವುದು ಈಮಾನಿನ ಭಾಗ.

ಹದಿಮೂರು ವರ್ಷ ದೂರವಿದ್ದವರು

ಕೊನೆಯದಾಗಿ ಜಅಫರ್ ಬಿನ್ ಅಬೂತಾಲಿಬ್(ರ). ಮಕ್ಕಾದ ಹಿಂಸೆ ತಾಳಲಾರದೆ ಮುಸ್ಲಿಮರು ಅಬಿಸೀನಿಯಾಕ್ಕೆ ಹಿಜ್ರತ್ ಆರಂಭಿಸಿದ್ದು ಕ್ರಿ.ಶ. 615ರಲ್ಲಿ. ಕುರೈಶರ ದೂತರು ಕಾಣಿಕೆಗಳೊಂದಿಗೆ ಬಂದು ಇವರನ್ನು ಮರಳಿಸಬೇಕೆಂದು ಕೇಳಿದಾಗ ನಜ್ಜಾಶಿ ದೊರೆಯೆದುರು ಎಲ್ಲರ ಪರವಾಗಿ ಮಾತನಾಡಿದವರು ಜಅಫರ್(ರ). ಆಗ ಅವರ ವಯಸ್ಸು ಸುಮಾರು ಇಪ್ಪತ್ತೈದು. ಮರಿಯಮ್ ಅಧ್ಯಾಯವನ್ನು ಓದಿದರು. ಈಸಾ(ಅ) ಬಗ್ಗೆ ಕೇಳಿದಾಗ ದೊರೆಯನ್ನು ಮೆಚ್ಚಿಸಲು ಏನನ್ನೂ ಮರೆಮಾಚಲಿಲ್ಲ, ಅವನ ಮರ್ಯಾದೆಯನ್ನೂ ಮೀರಲಿಲ್ಲ. ಅವರು ಮದೀನಕ್ಕೆ ಬಂದದ್ದು ಹಿಜ್ರಿ 7ರಲ್ಲಿ, ಖೈಬರ್ ವಿಜಯದ ವೇಳೆಗೆ.

ಮರಳಿದ ಮೇಲೆ ಜಅಫರರ ಪತ್ನಿ ಅಸ್ಮಾ ಬಿಂತ್ ಉಮೈಸ್(ರ) ಅವರೊಡನೆ ಉಮರ್(ರ), ಹಿಜ್ರತಿನಲ್ಲಿ ನಿಮಗಿಂತ ನಾವು ಮುಂದು ಎಂದರು. ಅಸ್ಮಾ(ರ) ಕೋಪಗೊಂಡರು. ನೀವು ಪ್ರವಾದಿವರ್ಯರ(ಸ) ಜೊತೆಯಲ್ಲಿದ್ದಿರಿ, ಅವರು ಹಸಿದವರಿಗೆ ಉಣಿಸುತ್ತಿದ್ದರು, ತಿಳಿಯದವರಿಗೆ ಕಲಿಸುತ್ತಿದ್ದರು, ನಾವಾದರೋ ದೂರದ, ನಮ್ಮವರಿಲ್ಲದ ನಾಡಿನಲ್ಲಿ ಭಯದಲ್ಲಿದ್ದೆವು ಎಂದು ನೋವು ತೋಡಿಕೊಂಡರು. ವಿಷಯ ತಿಳಿದ ಪ್ರವಾದಿ(ಸ), ಹಡಗಿನಲ್ಲಿ ಬಂದ ಇವರಿಗೆ ಎರಡು ಹಿಜ್ರತಿನ ಪುಣ್ಯವಿದೆಯೆಂದರು.

ಅಬಿಸೀನಿಯಾದಿಂದ ಬಂದವರಲ್ಲಿ ಉಮ್ಮು ಖಾಲಿದ್(ರ) ಎಂಬ ಪುಟ್ಟ ಬಾಲಕಿಯೂ ಇದ್ದಳು. ಪ್ರವಾದಿ(ಸ) ಅವಳಿಗೆ ಸ್ವತಃ ಒಂದು ಉಡುಪು ತೊಡಿಸಿ, ಅದರ ಅಂಚು ತೋರಿಸಿ, ಚೆಂದವಾಗಿದೆಯೆಂದು ಅಬಿಸೀನಿಯಾದ ಮಾತಿನಲ್ಲೇ ಹೇಳಿದರು. ಪರನಾಡಿನಲ್ಲಿ ಬೆಳೆದ ಮಗುವಿಗೆ ಅದರದೇ ಮಾತಿನಲ್ಲಿ ಸ್ವಾಗತ!

ಓದುಗ ಮಿತ್ರರೇ, ನಿಮ್ಮ ಮಗ ಜಮಾಅತಿನಲ್ಲಿ ಹೊರಟಾಗ ಅಮೀರರನ್ನು ಕಂಡು ಮಾತನಾಡಿರಿ. ಮಗನ ಆರೋಗ್ಯ, ಸ್ವಭಾವ, ಮನೆಯ ಕಷ್ಟ ಎಲ್ಲವನ್ನೂ ತಿಳಿಸಿರಿ. ಮನೆಯ ಕೆಟ್ಟ ಸುದ್ದಿಯನ್ನು ಮಗನಿಗೆ ಹೇಳಲಾಗದಿದ್ದರೆ ಅಮೀರರಿಗಾದರೂ ಹೇಳಿರಿ. ಅಮೀರರೇ, ದಿನಕ್ಕೊಮ್ಮೆ ಪ್ರತಿಯೊಬ್ಬ ಹುಡುಗನ ಮುಖ ನೋಡಿ ಊಟವಾಯಿತೇ, ಮನೆಯಿಂದ ಫೋನ್ ಬಂತೇ ಎಂದು ಕೇಳಿರಿ. ತಪ್ಪನ್ನು ಏಕಾಂತದಲ್ಲಿ ತಿದ್ದಿರಿ. ಕಲಿಯುತ್ತಿರುವವನು ಅವನೊಬ್ಬನೇ ಅಲ್ಲ, ನೀವೂ ಹೌದು.

ಆ ನೇಕಾರರ ಹುಡುಗ ಈಗ ತನ್ನ ಮೊಹಲ್ಲಾದ ಮಕ್ಕಳಿಗೆ ಮಗ್ರಿಬಿನ ಬಳಿಕ ಕುರ್‌ಆನ್ ಕಲಿಸುತ್ತಾನೆ. ನಾನು ಕ್ಷಮೆ ಕೇಳಿದಾಗ, "ಬಿಡ್ರಿ ಹಜ್ರತ್, ನೀವೂ ಮನಿ ಬಿಟ್ಟು ಬಂದಿದ್ರಿ" ಎಂದ. ಅವನ ಮುಖವನ್ನು ನಾನು ಓದಲಿಲ್ಲ, ಆದರೆ ಅವನು ನನ್ನ ಮುಖವನ್ನು ಓದಿದ್ದ.

ನಮ್ಮ ಕೈಗೆ ಒಪ್ಪಿಸಲಾದ ಮಕ್ಕಳೊಡನೆ ಮೃದುವಾಗಿ ವರ್ತಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.