ಮಾತ್ರೆಯ ಜೊತೆಗೆ ಅರಿಶಿನ

ನನಗಿರುವುದು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರ ಉರಿಯೂತದಿಂದ ಹುಣ್ಣಾಗಿ ರಕ್ತ ಒಸರುವ ಕಾಯಿಲೆ. ಸುದ್ದಿ ಹಬ್ಬಿದ್ದೇ ತಡ, ಮನೆಗೆ ಬಂದವರೆಲ್ಲ ಒಂದೊಂದು ಮದ್ದು ಹೇಳಿ ಹೋದರು. ಒಬ್ಬರದು ನೆಲ್ಲಿಕಾಯಿ, ಇನ್ನೊಬ್ಬರದು ದಾಳಿಂಬೆ, ಮತ್ತೊಬ್ಬರದು ಪುನರ್ಪುಳಿ. ಅರಿಶಿನವನ್ನಂತೂ ಹೇಳದವರೇ ಇಲ್ಲ. ಎಲ್ಲರ ಮಾತೂ ಮುಗಿಯುತ್ತಿದ್ದುದು “ಆಂಟಿಆಕ್ಸಿಡೆಂಟ್ ಜಾಸ್ತಿ ಇದೆಯಂತೆ” ಎಂಬಲ್ಲಿ.

ನನ್ನ ವೈದ್ಯರು ಇದನ್ನು ನಗಾಡಿ ತಳ್ಳಿಹಾಕಲಿಲ್ಲ. ಊದಿಕೊಂಡ ಕರುಳಿಗೆ ಬಿಳಿ ರಕ್ತಕಣಗಳು ನುಗ್ಗುತ್ತವೆ, ಅವು ಹೊರಬಿಡುವ ಆಕ್ಸಿಡೀಕಾರಕ ಕಣಗಳು ಕರುಳಿನ ಗೋಡೆಗೂ ಪೆಟ್ಟು ಕೊಡುತ್ತವೆ ಎಂದು ಬಿಡಿಸಿ ಹೇಳಿದರು. ಅವನ್ನು ತಡೆಯಬಲ್ಲವೆನ್ನುವ ಆಂಟಿಆಕ್ಸಿಡೆಂಟ್‌ಗಳಲ್ಲಿ ಸಸ್ಯಗಳ ಪಾಲಿಫಿನಾಲ್‌ಗಳೂ ಸೇರಿವೆ. ಇವು ರಕ್ತಕ್ಕೆ ಸೇರುವುದು ಕಡಿಮೆ. ಬಹುಪಾಲು ದೊಡ್ಡ ಕರುಳಿಗೇ ಇಳಿಯುತ್ತವೆ. ಬೇರೆ ಕಾಯಿಲೆಗೆ ಇದು ಕೊರತೆ, ನಮ್ಮಂಥವರಿಗೆ ಅನುಕೂಲ.

ಅರಿಶಿನದಲ್ಲಿರುವ ಇಂಥದೇ ಪಾಲಿಫಿನಾಲ್ ಕರ್ಕ್ಯುಮಿನ್. ಅದರ ಮೇಲೆ ಮನುಷ್ಯರಲ್ಲೇ ಪರೀಕ್ಷೆಗಳಾಗಿವೆ. 2006ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ, ರೋಗ ಹತೋಟಿಯಲ್ಲಿದ್ದವರಿಗೆ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ಆರು ತಿಂಗಳಲ್ಲಿ ರೋಗ ಮರುಕಳಿಸಿದ್ದು ಅದನ್ನು ಪಡೆದ 43 ಮಂದಿಯಲ್ಲಿ ಇಬ್ಬರಿಗೆ, ಪಡೆಯದ 39 ಮಂದಿಯಲ್ಲಿ ಎಂಟು ಜನರಿಗೆ. 2015ರ ಇನ್ನೊಂದು ಅಧ್ಯಯನದಲ್ಲಿ ದಿನಕ್ಕೆ 3 ಗ್ರಾಂ ಕೊಟ್ಟಾಗ, ಕಾಯಿಲೆ ಕೆರಳಿದ್ದವರಲ್ಲೂ ಒಂದೇ ತಿಂಗಳಲ್ಲಿ ಒಳ್ಳೆಯ ಫಲ ಕಂಡಿತು. ಆದರೆ ದೆಹಲಿಯ ಏಮ್ಸ್‌ನಲ್ಲಿ ದಿನಕ್ಕೆ 450 ಮಿಲಿಗ್ರಾಂ ಮಾತ್ರ ಕೊಟ್ಟು ನೋಡಿದಾಗ ಹುಸಿ ಮಾತ್ರೆಗಿಂತ ಹೆಚ್ಚೇನೂ ಉಪಯೋಗವಾಗಲಿಲ್ಲ. ಈ ಮೂರರಲ್ಲೂ ರೋಗಿಗಳು ಮೆಸಲಮಿನ್‌ನಂಥ ಮಾಮೂಲಿ ಔಷಧಿಯ ಜೊತೆಗೇ ಕರ್ಕ್ಯುಮಿನ್ ತೆಗೆದುಕೊಂಡಿದ್ದರು. ಮನೆಗೆ ಬಂದವರಾರೂ ಇದನ್ನು ಹೇಳಿರಲಿಲ್ಲ.

ಲೆಕ್ಕ ಹಾಕಿ ನೋಡಿದೆ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇಕಡಾ 3. ಅಂದರೆ 3 ಗ್ರಾಂ ಬೇಕಿದ್ದರೆ ದಿನಕ್ಕೆ 100 ಗ್ರಾಂ ಪುಡಿ ನುಂಗಬೇಕು! ಸಾರಿಗೆ ಬೀಳುವ ಚಿಟಿಕೆ ಅರಿಶಿನ ಊಟಕ್ಕೆ ಸರಿ, ಚಿಕಿತ್ಸೆಗೆ ಸಾಲದು. ಹಾಗಂತ ಅಂಗಡಿಯ ಕ್ಯಾಪ್ಸೂಲಿಗೆ ಕೈ ಹಾಕುವ ಮುನ್ನವೂ ಯೋಚಿಸಬೇಕು. ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ಕರ್ಕ್ಯುಮಿನ್ ರಕ್ತಕ್ಕೆ ಹಲವು ಪಟ್ಟು ಹೆಚ್ಚು ಸೇರುತ್ತದೆಂದು 1998ರಲ್ಲಿ ತೋರಿಸಿಕೊಟ್ಟದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು. ಈಗ ಹಲವು ಕ್ಯಾಪ್ಸೂಲುಗಳಲ್ಲಿ ಆ ಜೋಡಿಯೇ ಇದೆ. ಅಂಥವನ್ನು ನುಂಗಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಇತ್ತೀಚಿನ ವರ್ಷಗಳಲ್ಲಿ ವರದಿಯಾಗಿವೆ. ನಾನು ವೈದ್ಯರನ್ನು ಕೇಳದೆ ಒಂದನ್ನೂ ಕೊಳ್ಳುವುದಿಲ್ಲ.

ಅಡುಗೆಮನೆ ಕಲಿಸಿದ್ದು ಇನ್ನೊಂದು ಪಾಠ: ಯಾವುದನ್ನು ಯಾವಾಗ ತಿನ್ನಬೇಕೆಂಬುದು. ರಾಗಿ ಹಿಟ್ಟನ್ನು ಜರಡಿ ಹಿಡಿದಾಗ ಮೇಲೆ ಒರಟಾದ ಕಂದು ತೌಡು ಉಳಿಯುತ್ತದಲ್ಲ, ರಾಗಿಯ ಪಾಲಿಫಿನಾಲ್ ಹೆಚ್ಚಾಗಿರುವುದು ಆ ಸಿಪ್ಪೆಯಲ್ಲೇ. ಕಾಯಿಲೆ ಕೆರಳಿದಾಗ ನನ್ನ ಕರುಳು ಸಹಿಸದಿರುವುದೂ ಅದನ್ನೇ. ಆಗ ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ತೆಗೆದ ಹಾಲಿನ ಅಂಬಲಿ. ದಾಳಿಂಬೆಯಾದರೆ ಕಾಳು ಬಿಟ್ಟು ಸೋಸಿದ ರಸ, ಕುಂಬಳಕಾಯಿಯಾದರೆ ಸಿಪ್ಪೆ ತೆಗೆದು ಮೆತ್ತಗೆ ಬೇಯಿಸಿದ್ದು. ಹೊಟ್ಟೆ ಹದಕ್ಕೆ ಬಂದ ಮೇಲೆ ಮುದ್ದೆ, ಬಸ್ಸಾರು, ಒಂದೆಲಗದ ತಂಬುಳಿ ಎಲ್ಲವೂ ಒಂದೊಂದಾಗಿ ತಟ್ಟೆಗೆ ಮರಳುತ್ತವೆ.

ಚಹಾದ ವಿಷಯವೂ ಇದೆ. ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ ಇಳಿದಾಗ ಕಬ್ಬಿಣದ ಮಾತ್ರೆ ಶುರುವಾಯಿತು. ಚಹಾದಲ್ಲೂ ಪಾಲಿಫಿನಾಲ್ ಧಾರಾಳ. ಆದರೆ ಆ ಪಾಲಿಫಿನಾಲೇ ಕಬ್ಬಿಣವನ್ನು ಹಿಡಿದಿಟ್ಟು ದೇಹಕ್ಕೆ ಸಿಗದಂತೆ ಮಾಡುತ್ತದೆ. ಹಾಗಾಗಿ ಮಾತ್ರೆಯ ಹೊತ್ತಿನಲ್ಲಿ ಚಹಾ ಮುಟ್ಟುವುದಿಲ್ಲ. ಹೊಟ್ಟೆ ಹದವಾಗಿದ್ದರೆ ನೆಲ್ಲಿಕಾಯಿ ರಸ ಕುಡಿಯುತ್ತೇನೆ. ಅದರ ವಿಟಮಿನ್ ಸಿ ಕಬ್ಬಿಣ ಹೀರಲು ನೆರವಾಗುತ್ತದೆ.

ಹೊಟ್ಟೆ ಹಗುರಾಯಿತೆಂದರೆ ಹುಣ್ಣು ಮಾಯಿತೆಂದು ಅರ್ಥವಲ್ಲ. ಅದನ್ನು ಹೇಳುವುದು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ, ಅಗತ್ಯ ಬಿದ್ದರೆ ಕೊಲೊನೋಸ್ಕೋಪಿ. ನಿಮಗೂ ಈ ಕಾಯಿಲೆ ಇದ್ದರೆ ಸೊಪ್ಪು, ಹಣ್ಣು, ಅರಿಶಿನ ಹದವರಿತು ತಿನ್ನಿ. ತೆಗೆದುಕೊಳ್ಳುವ ಪ್ರತಿಯೊಂದು ಕಷಾಯ, ಕ್ಯಾಪ್ಸೂಲಿನ ಹೆಸರನ್ನು ವೈದ್ಯರಿಗೆ ಹೇಳಿ. ಅವರು ನಿಲ್ಲಿಸಿ ಎನ್ನುವವರೆಗೆ ಮಾತ್ರೆ ಮಾತ್ರ ನಿಲ್ಲಿಸಬೇಡಿ.