ನಿಂತ ತೇರು ಹೊರಡುವ ಬಗೆ

ದಸರೆಯ ಬಿಡುವು ಮುಗಿದ ಮೊದಲ ದಿನ ನಮ್ಮ ಪ್ರಯೋಗಶಾಲೆಯ ನೋಟವೇ ಬೇರೆ. ಲೋಲಕದ ಗುಂಡು ತನ್ನ ದಾರದಲ್ಲಿ ತೂಗುತ್ತಿರುತ್ತದೆ, ತಕ್ಕಡಿ ತನ್ನ ಗಾಜಿನ ಪೆಟ್ಟಿಗೆಯಲ್ಲಿರುತ್ತದೆ, ವಿದ್ಯಾರ್ಥಿಗಳೂ ಬಂದಿರುತ್ತಾರೆ. ಬಾರದೆ ಉಳಿದಿರುವುದು ಅವರ ಮನಸ್ಸೊಂದೇ. ಇದು ವಿದ್ಯಾರ್ಥಿಗಳ ಪಾಡು ಮಾತ್ರವಲ್ಲ. 2025ರಲ್ಲಿ ಅಕ್ಟೋಬರ್ 1ರ ಬುಧವಾರ ಆಯುಧಪೂಜೆ, ಮರುದಿನ ವಿಜಯದಶಮಿ ಹಾಗೂ ಗಾಂಧಿ ಜಯಂತಿ. ಶನಿವಾರವೂ ಬಿಡುವಿದ್ದ ಕಚೇರಿಗಳವರು ಶುಕ್ರವಾರ ಒಂದು ದಿನ ರಜೆ ಪಡೆದರೆ 5 ದಿನಗಳ ವಿರಾಮ ದೊರೆಯುತ್ತಿತ್ತು. ಅಂತಹ ವಿರಾಮದ ಮರುದಿನ ಮೇಜಿನ ಮುಂದೆ ಕುಳಿತವರ ಅನುಭವವನ್ನು ಬಣ್ಣಿಸಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ ಇಂತಹ ಒಂದು ಬೆಳಗ್ಗೆ ವಿದ್ಯಾರ್ಥಿಯೊಬ್ಬನು ಬರಿದಾದ ರೆಕಾರ್ಡ್ ಪುಸ್ತಕವನ್ನು ಮುಂದಿಟ್ಟುಕೊಂಡು, “ಸಾರ್, ಮೂರು ದಿನದಿಂದ ಬರೆಯಲು ಕೂರುತ್ತಿದ್ದೇನೆ, ಕೈಯೇ ಓಡುವುದಿಲ್ಲ. ನಾನು ವಿಜ್ಞಾನಕ್ಕೆ ತಕ್ಕವನಲ್ಲವೇನೋ” ಎಂದನು. ಕೆಲವು ದಿನಗಳ ಜಡತೆಯಿಂದ ಇಡೀ ಬಾಳಿನ ಬಗ್ಗೆ ತೀರ್ಪು ಕೊಟ್ಟುಕೊಂಡಿದ್ದನು. ಆ ತೀರ್ಪು ಏಕೆ ತಪ್ಪೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಒಂದು ಸರಳ ಪ್ರಯೋಗ. ಮೇಜಿನ ಮೇಲೆ ಮರದ ತುಂಡೊಂದನ್ನಿಟ್ಟು, ಅದಕ್ಕೆ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸಿ ಮೆಲ್ಲನೆ ಎಳೆಯಿರಿ. ಮುಳ್ಳು ಏರುತ್ತದೆ, ತುಂಡು ಕದಲುವುದಿಲ್ಲ. 5 ನ್ಯೂಟನ್ ಬಲ ಮುಟ್ಟಿದಾಗ ಅದು ಥಟ್ಟನೆ ಹೊರಟಿತೆಂದು ಭಾವಿಸೋಣ. ಹೊರಟ ಮೇಲೆ ಅದೇ ವೇಗದಲ್ಲಿ ಎಳೆದೊಯ್ಯಲು ಅಷ್ಟು ಬಲ ಬೇಕಾಗುವುದಿಲ್ಲ. ಮುಳ್ಳು 4ಕ್ಕೋ 3ಕ್ಕೋ ಇಳಿಯುತ್ತದೆ. ನಿಂತ ವಸ್ತುವನ್ನು ತಡೆಯುವ ಘರ್ಷಣೆ, ಚಲಿಸುತ್ತಿರುವ ವಸ್ತುವನ್ನು ತಡೆಯುವ ಘರ್ಷಣೆಗಿಂತ ಸಾಮಾನ್ಯವಾಗಿ ಹೆಚ್ಚು. ವಿದ್ಯುದಾವೇಶಗಳ ನಿಯಮದಿಂದ ನಮಗೆ ಪರಿಚಿತನಾದ ಫ್ರಾನ್ಸಿನ ಕೂಲಂಬನು ಘರ್ಷಣೆಯನ್ನು ಕುರಿತ ತನ್ನ ಪ್ರಬಂಧಕ್ಕೆ 1781ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಬಹುಮಾನ ಪಡೆದನು. ಆತನು ಕಂಡ ಇನ್ನೊಂದು ಸಂಗತಿ ಸ್ವಾರಸ್ಯವಾದುದು: ಮರದ ಮೇಲೆ ಮರ ಹೆಚ್ಚು ಹೊತ್ತು ನಿಂತಷ್ಟೂ, ಒಂದು ಮಿತಿಯವರೆಗೆ, ಅದನ್ನು ಹೊರಡಿಸಲು ಬೇಕಾದ ಬಲವೂ ಹೆಚ್ಚುತ್ತದೆ.

ಮನಸ್ಸು ಮರದ ತುಂಡಲ್ಲ. ಹೋಲಿಕೆಯೇ ಪ್ರಮಾಣವೂ ಅಲ್ಲ. ಆದರೆ ಈ ಹೋಲಿಕೆ ಒಂದು ಪ್ರಶ್ನೆಯನ್ನು ತಿದ್ದಿಕೊಡುತ್ತದೆ. “ಇಡೀ ವಾರ ಇಷ್ಟೇ ಕಷ್ಟವಾದರೆ ಗತಿಯೇನು?” ಎಂದು ಕೇಳುವವನು ಹೊರಡುವ ಕ್ಷಣದ ಬಲವನ್ನು ದಾರಿಯುದ್ದಕ್ಕೂ ಬೇಕಾದ ಬಲವೆಂದು ಎಣಿಸುತ್ತಿದ್ದಾನೆ. ಇನ್ನು ಮನುಷ್ಯನಲ್ಲಿ ಈ ತಡೆಗೆ ಕಾರಣವೇನೆಂಬುದನ್ನು ಶರೀರದಲ್ಲಿಯೂ ಸ್ಮರಣೆಯಲ್ಲಿಯೂ ಹುಡುಕಬೇಕು.

ಮೊದಲನೆಯದು ನಿದ್ರೆ. ನಮ್ಮ ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ ನಿದ್ರೆ, ಎಚ್ಚರ, ಮೈಯ ಉಷ್ಣತೆ ಮೊದಲಾದುವನ್ನು ಹೊತ್ತಿಗೆ ಹೊಂದಿಸುವ ಜೈವಿಕ ಗಡಿಯಾರವೊಂದಿದೆ. ಇಂತಹ ಗಡಿಯಾರಗಳು ಜೀವಕೋಶದೊಳಗೆ ನಡೆಯುವ ಕ್ರಮವನ್ನು ಹಣ್ಣುನೊಣಗಳಲ್ಲಿ ಶೋಧಿಸಿದುದಕ್ಕಾಗಿ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹೊರಗಿನ ಬೆಳಕಿನ ಸುಳಿವಿಲ್ಲದಿದ್ದರೆ ಮನುಷ್ಯರಲ್ಲಿ ಈ ಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆಗಿಂತ ತುಸು ಹೆಚ್ಚು. ಆದುದರಿಂದ ಬಹುಮಂದಿಗೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ.

ಕಾಲೇಜಿನ ದಿನಗಳಲ್ಲಿ ರಾತ್ರಿ 10-30ಕ್ಕೆ ಮಲಗಿ 6 ಗಂಟೆಗೆ ಏಳುವವನ ನಿದ್ರೆಯ ನಡುಹೊತ್ತು 2-15. ಬಿಡುವಿನಲ್ಲಿ ಅವನೇ 1 ಗಂಟೆಗೆ ಮಲಗಿ 8-30ಕ್ಕೆ ಎದ್ದರೆ ನಡುಹೊತ್ತು 4-45. ವ್ಯತ್ಯಾಸ ಎರಡೂವರೆ ಗಂಟೆ. ಭಾರತಕ್ಕೂ ಆಫ್ರಿಕದ ಕೀನ್ಯಕ್ಕೂ ಇರುವ ಕಾಲವ್ಯತ್ಯಾಸವೂ ಇಷ್ಟೇ. ನಾಲ್ಕೈದು ದಿನಗಳಲ್ಲಿ ಒಳಗಿನ ಗಡಿಯಾರ ಅಷ್ಟನ್ನೂ ಪೂರ್ತಿಯಾಗಿ ಹಿಂಬಾಲಿಸದಿರಬಹುದು. ಆದರೆ ಆ ದಿಕ್ಕಿಗೆ ಸರಿಯತೊಡಗುತ್ತದೆ. ಸೋಮವಾರ 6ಕ್ಕೆ ಗಂಟೆ ಬಾರಿಸಿದಾಗ ಅವನ ಶರೀರಕ್ಕೆ ಇನ್ನೂ ರಾತ್ರಿಯೇ. ಊರು ಬಿಡದೆಯೇ ಬಂದ ಪ್ರಯಾಣದ ಆಯಾಸವಿದು. ಇದನ್ನು ಸೋಮಾರಿತನವೆಂದು ಕರೆಯುವುದು ನ್ಯಾಯವಲ್ಲ.

ಎರಡನೆಯದು “ಕಲಿತದ್ದೆಲ್ಲ ಮರೆತುಹೋಯಿತು” ಎಂಬ ಭಯ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಕೆಲವು ಕಾಲದ ಮೇಲೆ ಅವನ್ನು ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯುವುದೆಂಬುದನ್ನು ಅಳೆದು 1885ರಲ್ಲಿ ಪ್ರಕಟಿಸಿದನು. ಒಂದು ದಿನದ ಮೇಲೆ ಉಳಿತಾಯ ಸುಮಾರು ನೂರಕ್ಕೆ 34. 6 ದಿನಗಳ ಮೇಲೆ 25. 31 ದಿನಗಳ ಮೇಲೆಯೂ 21. ಮರೆವು ಮೊದಲು ಬೇಗ, ಅನಂತರ ಬಹು ನಿಧಾನ. ಮರೆತೆವೆಂದುಕೊಂಡದ್ದೂ ಮರುಕಲಿಕೆಯಲ್ಲಿ ನೆರವಿಗೆ ಬರುತ್ತದೆ. ಅರ್ಥವಿಲ್ಲದ ಅಕ್ಷರಗಳೇ ಇಷ್ಟು ಉಳಿಯುವುವಾದರೆ, ಅರ್ಥಮಾಡಿಕೊಂಡು ಕಲಿತ ಪಾಠ ಇನ್ನೂ ಚೆನ್ನಾಗಿ ಉಳಿಯುವುದು.

ಹಾಗಾದರೆ ಉಪಾಯವೇನು? ರಥೋತ್ಸವದಲ್ಲಿ ತೇರು ಹೊರಡುವುದನ್ನು ನೋಡಿರಿ. ಹಗ್ಗ ಹಿಡಿದವರು ನೂರಾರು ಮಂದಿಯಿದ್ದರೂ ಚಕ್ರದ ಹಿಂದೆ ಸನ್ನೆಗೋಲು ಕೊಟ್ಟು ಮೀಟುವವರು ಬೇಕು. ಮೊದಲ ಅಂಗುಲ ಸರಿದರೆ ಉಳಿದುದು ಹಗ್ಗದ ಕೆಲಸ. ನಮಗೂ ಅಂತಹ ಸನ್ನೆಗೋಲುಗಳಿವೆ. ಬಿಡುವಿನಲ್ಲಿಯೂ ಏಳುವ ಹೊತ್ತು ಒಂದು ಗಂಟೆಗಿಂತ ಹೆಚ್ಚು ಸರಿಯದಂತೆ ನೋಡಿಕೊಳ್ಳುವುದು ಒಂದು. ಕೆಲಸದ ದಿನ ಎದ್ದೊಡನೆ ಹೊರಗೆ ಬೆಳಕಿನಲ್ಲಿ ಸ್ವಲ್ಪ ಹೊತ್ತು ನಡೆಯುವುದು ಎರಡನೆಯದು. ಒಳಗಿನ ಗಡಿಯಾರವನ್ನು ಮುಂದಕ್ಕೆ ತಿರುಗಿಸುವ ಕೀಲಿ ಬೆಳಗಿನ ಬೆಳಕೇ. ಮೊದಲ ಕೆಲಸವನ್ನು ಹತ್ತು ನಿಮಿಷದಲ್ಲಿ ಮುಗಿಯುವಷ್ಟು ಚಿಕ್ಕದಾಗಿ ಆರಿಸುವುದು ಮೂರನೆಯದು. ಬಿಡುವಿಗೆ ಹೊರಡುವ ಮುನ್ನ, ಹಿಂದಿರುಗಿ ಬಂದು ಮಾಡಬೇಕಾದ ಮೊದಲ ಕೆಲಸವನ್ನು ಚೀಟಿಯಲ್ಲಿ ಬರೆದು ಪುಸ್ತಕದಲ್ಲಿಡುವುದು ನಾಲ್ಕನೆಯದು. ಉತ್ಸಾಹ ಬಂದ ಮೇಲೆ ಕೆಲಸ ತೊಡಗೋಣವೆಂದು ಕಾಯಬೇಕಾಗಿಲ್ಲ; ಅನೇಕ ವೇಳೆ ಕೆಲಸ ತೊಡಗಿದ ಮೇಲೆ ಉತ್ಸಾಹ ಬರುತ್ತದೆ. ಆದರೆ ನಿರುತ್ಸಾಹ ವಾರಗಟ್ಟಲೆ ಹೋಗದೆ, ನಿದ್ರೆ ಊಟಗಳೂ ಕೆಟ್ಟಿದ್ದರೆ ಅದು ಬಿಡುವಿನ ಫಲವಲ್ಲ. ಸಂಕೋಚಪಡದೆ ವೈದ್ಯರನ್ನು ಕಾಣತಕ್ಕದ್ದು.

ಆ ವಿದ್ಯಾರ್ಥಿಗೆ ನಾವು ಉಪದೇಶ ಮಾಡಲಿಲ್ಲ. “ಗ್ರಾಫ್ ಕಾಗದದ ಮೇಲೆ ಎರಡು ಅಕ್ಷರೇಖೆ ಎಳೆ, ಅಳತೆ ಗುರುತಿಸು, ಅಷ್ಟು ಸಾಕು” ಎಂದೆವು. ಗಂಟೆ ಬಾರಿಸುವ ಹೊತ್ತಿಗೆ ಎಂಟು ಬಿಂದುಗಳನ್ನು ಗುರುತಿಸಿ ರೇಖೆಯನ್ನೂ ಎಳೆದಿದ್ದನು.

ನಮ್ಮ ಅನೇಕ ಮನೆಗಳಲ್ಲಿ ಸರಸ್ವತೀ ಪೂಜೆಗೆ ಇಟ್ಟ ಪುಸ್ತಕಗಳನ್ನು ಮಧ್ಯೆ ಮುಟ್ಟುವುದಿಲ್ಲ; ವಿಜಯದಶಮಿಯಂದು ತೆಗೆದು ಕೆಲವು ಸಾಲುಗಳನ್ನಾದರೂ ಓದುತ್ತಾರೆ. ಆ ದಿನ ಇಡೀ ಅಧ್ಯಾಯವನ್ನು ಯಾರೂ ಕೇಳುವುದಿಲ್ಲ. ಬಿಡುವು ಮುಗಿಯುವ ಮುನ್ನವೇ ಚಕ್ರವನ್ನು ಒಂದು ಅಂಗುಲ ಸರಿಸಿಡುವ ಈ ಪದ್ಧತಿ ಪ್ರತಿಯೊಂದು ಬಿಡುವಿನ ಕೊನೆಯ ಸಂಜೆಗೂ ಒಪ್ಪುವಂಥದು.